ಓಣಿ ಅವರದು, ಕೇರಿ ನಮ್ಮದು: ಹಿಂಗ ಹಂಚಿದವರು ಯಾರು?



ಬಾಗಲಕೋಟೆಯ ಕಾಲೇಜಿಗೆ ಕಾಲಿಟ್ಟ ಮೊದಲ ದಿನ ನಮ್ಮನ್ನು ಕೇಳಿದ್ದು ನೆನಪಿದೆಯೇ? ‘ಯಾವೂರು?’ ಹುನಗುಂದ ಕಡೆ, ಬಾದಾಮಿ ಕಡೆ ಅಂದೆವು. ‘ಊರಾಗ ಎಲ್ಲಿ?’ ಅಂದಾಗ ನಾಲಿಗೆ ತಡವರಿಸಿತು. ಇಳಕಲ್ಲಿನ ನೇಕಾರರ ಮನೆ ಓಣಿಯಲ್ಲಿ. ಗೌಡರ ಮನೆ ಓಣಿಯಲ್ಲಿ. ನಮ್ಮ ಸರದಿ ಬಂದಾಗ ಕೇರಿ! ಹೊಲಗೇರಿ, ಮಾದಿಗೇರಿ.

ಈ ಶಬ್ದಕ್ಕೆ ಹುಟ್ಟಿನಿಂದಲೇ ಮೈಲಿಗೆ ಅಂಟಿತ್ತೇ? ಇಲ್ಲ. ಕನ್ನಡ, ತುಳು, ಕೊಡವ ಮಾತುಗಳಲ್ಲಿ ಕೇರಿ ಎಂದರೆ ಬೀದಿ. ತೆಲುಗಿನಲ್ಲಿ ಗೇರಿ. ನಮ್ಮ ಕಿವಿ ತಮಿಳಿನಲ್ಲಿ ಚೆವಿ ಆದಂತೆ ನಮ್ಮ ಕೇರಿ ಅಲ್ಲಿ ಚೇರಿ. ಪುದುಚ್ಚೇರಿ ಎಂದರೆ ಹೊಸ ಊರು, ಅಷ್ಟೇ. ಮೈಸೂರಲ್ಲಿ ಕುಂಬಾರಗೇರಿ ಇದೆ. ದೊರೆ ಮುದ್ದುರಾಜನ ಕೇರಿಯೇ ಮಡಿಕೇರಿ ಆಯಿತೆನ್ನುತ್ತಾರೆ. ದೊರೆಯ ಕೇರಿಗೆ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ!

ಇನ್ನೂ ಕೇಳಿ. ತಮಿಳುನಾಡಿನ ಉತ್ತರಮೇರೂರು ಬ್ರಾಹ್ಮಣರ ಊರು. ಚೋಳ ಪರಾಂತಕನ ಕಾಲದ 919 ಮತ್ತು 921ರ ಶಾಸನಗಳು ಅಲ್ಲಿಯ ಸಭೆ ಸಮಿತಿಗಳನ್ನು ಆರಿಸಿದ ಬಗೆಯನ್ನು ಹೇಳುತ್ತವೆ. ಆ ಊರಿನ 12 ಬೀದಿಗಳಿಗೆ ಶಾಸನದ ಹೆಸರು ಏನು ಗೊತ್ತೇ? ಚೇರಿ! ಬ್ರಾಹ್ಮಣರೂ ಚೇರಿಯಲ್ಲೇ ಇದ್ದರು. ನೂರು ವರ್ಷ ಕಳೆಯುವುದರೊಳಗೆ ರಾಜರಾಜ ಚೋಳನ ತಂಜಾವೂರು ಶಾಸನಗಳು ಊರಿನ ನೆಲ, ಕೆರೆ, ಸುಡುಗಾಡಿನ ಜೊತೆಗೆ ಪರೈಚ್ಚೇರಿಯನ್ನು ಬೇರೆಯಾಗಿ ಎಣಿಸುತ್ತವೆ. ಮುಂದೆ ಅವರು ಅಗ್ರಹಾರ ಸೇರಿದರು. ಚೇರಿ ದಲಿತರ ಪಾಲಿಗೆ ಉಳಿಯಿತು. 2023ರ ನವೆಂಬರಿನಲ್ಲಿ ರಾಜಕಾರಣಿಯೊಬ್ಬರು ‘ಚೇರಿ ಭಾಷೆ’ ಎಂದು ಹೀಗಳೆದರು. ಪ್ರತಿಭಟನೆ ಎದ್ದ ಮೇಲೆ, ಫ್ರೆಂಚಿನಲ್ಲಿ ಅದಕ್ಕೆ ‘ಪ್ರೀತಿಪಾತ್ರ’ ಎಂಬ ಅರ್ಥವಿದೆ ಎಂದರು. ಎಂಥ ಜಾಣತನ! ಬೈಯುವಾಗ ತಮಿಳು, ಸಿಕ್ಕಿಬಿದ್ದಾಗ ಫ್ರೆಂಚು.

ಹಾಗಾದರೆ ಹೆಸರು ಬದಲಿಸಿದರೆ ಸಾಕೇ? ಹರಿಜನ ಕೇರಿ ಅಂದರು, ಕಾಲೋನಿ ಅಂದರು. ಬೋರ್ಡು ಬದಲಾಯಿತು, ಗಟಾರ ಬದಲಾಗಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಮುಳುಗಿತು, ನವನಗರ ಎದ್ದಿತು. ಅಲ್ಲಿ ಓಣಿಯೂ ಇಲ್ಲ, ಕೇರಿಯೂ ಇಲ್ಲ, ಸೆಕ್ಟರ್ ನಂಬರು. ಆದರೂ ಬಾಡಿಗಿ ಮನಿ ಕೇಳಾಕ ಹೋದ್ರ ‘ನೀವು ಯಾವ ಮಂದಿ?’ ಅಂತಾರ. ಕೇರಿ ನೆಲದ ಮೇಲೆ ಇರಲಿಲ್ಲ, ಕೇಳುವವನ ತಲೆಯಲ್ಲಿತ್ತು. ತಲೆ ಮುಳುಗಡೆಯಾಗಲಿಲ್ಲ!

ಶಬ್ದದ ಮೂಲ ಹುಡುಕಿ ಹಿರಿಮೆ ಮೆರೆಯಲು ನಾವು ಇದನ್ನು ಬರೆಯುತ್ತಿಲ್ಲ. ಬೀದಿ ಎಂಬ ಮಾತನ್ನು ಬೈಗುಳ ಮಾಡಿದ್ದು ಮನುಷ್ಯರು. ಮನುಷ್ಯರು ಮಾಡಿದ್ದನ್ನು ಮನುಷ್ಯರೇ ಮುರಿಯಬಹುದು. ನಾಳೆ ಯಾರಾದರೂ ‘ಊರಾಗ ಎಲ್ಲಿ?’ ಅಂದರೆ ತಲೆ ತಗ್ಗಿಸಬೇಡಿ. ‘ಕೇರಿಯಾಗ’ ಅನ್ನಿ. ಆಮೇಲೆ ನೀವೂ ಒಂದು ಕೇಳಿ: ‘ನಮ್ಮ ಕೇರಿಗೂ ನಿಮ್ಮ ಓಣಿಗೂ ನೀರಿನ ಪೈಪು ಒಂದೇ ಐತೇನು?’