ಹರೆಯದ ನಾಯಿ ಮತ್ತು ಎರಡು ಕೋಣೆಯ ಸಂಸಾರ

ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ನಾಯಿ ಸಾಕುವುದು ಹೊಸ ಸಂಗತಿಯೇನಲ್ಲ. ಆದರೆ ಹಿಂದೆ ಚಾಳಿನ ಅಂಗಳದಲ್ಲಿ ಹತ್ತು ಮನೆಗಳ ಅನ್ನವುಂಡು ದಿನವಿಡೀ ತಿರುಗುತ್ತಿದ್ದ ನಾಯಿಗೂ, ಇಂದು ದಾದರಿನ ಐದನೆಯ ಮಹಡಿಯಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ಬೆಳೆಯುವ ನಾಯಿಗೂ ಬಹಳ ಅಂತರವುಂಟು. ಎರಡು ತಿಂಗಳ ಮರಿಯಾಗಿ ಬಂದಾಗ ಅದು ಮನೆಮಂದಿಯ ಮುದ್ದಿನ ಕೂಸು. ಏಳೆಂಟು ತಿಂಗಳಾಗುತ್ತಲೇ ಚಿತ್ರ ಬದಲಾಗುತ್ತದೆ. ಚಪ್ಪಲಿ, ದಿಂಬು, ಮಕ್ಕಳ ಪುಸ್ತಕ ಯಾವುದೂ ಉಳಿಯುವುದಿಲ್ಲ. ಬಂದ ಅತಿಥಿಗಳ ಮೈಮೇಲೆ ಜಿಗಿಯುತ್ತದೆ. ಹಗ್ಗ ಕಟ್ಟಿ ರಾನಡೆ ರಸ್ತೆಗೆ ಕರೆದೊಯ್ದರೆ ಯಜಮಾನನನ್ನೇ ಎಳೆದಾಡುತ್ತದೆ. ನಿನ್ನೆಯವರೆಗೆ ಕೇಳುತ್ತಿದ್ದ ಮಾತನ್ನು ಇಂದು ಕೇಳಿಸದಂತೆ ನಟಿಸುತ್ತದೆ. ‘ಇದಕ್ಕೆ ಕೊಬ್ಬು ಹೆಚ್ಚಾಯಿತು’ ಎಂದು ಮನೆಯ ಹಿರಿಯರು ತೀರ್ಪು ಕೊಡುತ್ತಾರೆ, ಕೋಲು ಕೈಗೆ ಬರುತ್ತದೆ.

ಈ ತೀರ್ಪು ಸರಿಯಲ್ಲವೆಂಬುದೇ ನನ್ನ ವಾದ. ಅದು ಕೊಬ್ಬಲ್ಲ, ವಯಸ್ಸು. ಸುಮಾರು ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗಿನ ಅವಧಿ ನಾಯಿಗೆ ಹರೆಯದ ಕಾಲ. ದೊಡ್ಡ ಜಾತಿಗಳಲ್ಲಿ ಇನ್ನೂ ಕೊಂಚ ದೀರ್ಘ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಷರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಸ್ಮರಣೀಯ. ಐದು ತಿಂಗಳ ವಯಸ್ಸಿಗಿಂತ ಎಂಟು ತಿಂಗಳಲ್ಲಿ ನಾಯಿಗಳು ‘ಕುಳಿತುಕೋ’ ಎಂಬ ಆಜ್ಞೆಯನ್ನು ಹೆಚ್ಚಾಗಿ ಮೀರುತ್ತಿದ್ದವು. ಆದರೆ ಮೀರಿದ್ದು ತಮ್ಮನ್ನು ಸಾಕಿದವರ ಆಜ್ಞೆಯನ್ನು ಮಾತ್ರ. ಅಪರಿಚಿತರು ಹೇಳಿದಾಗ ಹಾಗಾಗಲಿಲ್ಲ! ಹತ್ತನೆಯ ಇಯತ್ತೆಯ ಮಕ್ಕಳಿರುವ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಈ ಹಂತ ಕಳೆದುಹೋಗುವಂಥದು ಎಂಬುದೂ ಅದೇ ಅಧ್ಯಯನದ ಅಭಿಪ್ರಾಯ.

ಹಾಗಾದರೆ ದೋಷವೆಲ್ಲಿ? ನಮ್ಮ ದಿನಚರಿಯಲ್ಲಿ. ಬೆಳಿಗ್ಗೆ ಎಂಟರ ಲೋಕಲ್ ಹಿಡಿಯುವ ನಾವು ಮರಳುವುದು ಸಂಜೆ ಏಳಕ್ಕೆ. ಅದಕ್ಕೆ ದೊರೆಯುವುದು ಕಟ್ಟಡದ ಸುತ್ತ ಹತ್ತು ನಿಮಿಷದ ಅವಸರದ ಪ್ರದಕ್ಷಿಣೆ. ಮಿಕ್ಕ ಹನ್ನೊಂದು ಗಂಟೆ ಆ ತುಂಬು ಪ್ರಾಯದ ಜೀವ ಏನು ಮಾಡಬೇಕು? ಸೋಫಾ ಹರಿಯುವುದು ಅದರ ಮಟ್ಟಿಗೆ ಒಂದು ಉದ್ಯೋಗ.

ನಾಯಿಗೆ ವ್ಯಾಯಾಮ ಕೊಡುವುದು ಯಜಮಾನನ ಮರ್ಜಿಗೆ ಬಿಟ್ಟ ವಿಷಯವಲ್ಲವೆಂಬುದು ಬಹುಮಂದಿಗೆ ತಿಳಿದಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯಿದೆಯ 11ನೆಯ ಕಲಮು, ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನು ಕ್ರೌರ್ಯವೆಂದೇ ಎಣಿಸುತ್ತದೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಬೀದಿಗೆ ಬಿಟ್ಟುಬಿಡುವುದೂ ಅದೇ ಕಲಮಿನಡಿಯ ಅಪರಾಧ. ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿಯವರೆಗೆ. ನಮ್ಮ ಬ್ಯಾಂಕುಗಳಲ್ಲಿ ಚೆಕ್ಕೊಂದು ಹಿಂತಿರುಗಿದರೂ ಇದಕ್ಕಿಂತ ಹೆಚ್ಚು ಶುಲ್ಕ ಬೀಳುತ್ತದೆ!

ಇನ್ನು ನಮ್ಮವರ ಅಭಿಮಾನದ ಮಾತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. 2016ರಲ್ಲಿ ಅದರ ಮರಿಗಳು ತರಬೇತಿಗಾಗಿ ಮೀರತ್‌ನ ಸೈನ್ಯಕೇಂದ್ರಕ್ಕೆ ಹೋದವು. ಅದಕ್ಕೂ ಹಿಂದೆ, ಕ್ರಿ.ಶ. 949ರ ಸುಮಾರಿಗೆ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಾಡುಹಂದಿಯೊಡನೆ ಕಾದಿ ಮಡಿದ ‘ಕಾಳಿ’ ಎಂಬ ನಾಯಿಗೆ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಆ ಕಾಳಿಯೂ ಒಂದು ಕಾಲಕ್ಕೆ ಎಂಟು ತಿಂಗಳದಾಗಿತ್ತು. ಯಾರ ಮೆಟ್ಟು ಕಚ್ಚಿತ್ತೋ, ಶಾಸನ ಹೇಳುವುದಿಲ್ಲ. ಈ ಅಭಿಮಾನದಿಂದಲೇ ಕೆಲವರು ಊರಿಗೆ ಹೋದಾಗ ಮುಧೋಳದ ಮರಿಯನ್ನು ತರುವ ಯೋಚನೆ ಮಾಡುತ್ತಾರೆ. ಬಯಲುಸೀಮೆಯ ಹೊಲಗಳಲ್ಲಿ ಮೊಲವನ್ನು ಬೆನ್ನಟ್ಟಲೆಂದು ರೂಪುಗೊಂಡ ದೇಹಕ್ಕೆ ಐನೂರು ಚದರ ಅಡಿ ಸೆರೆಮನೆಯೇ ಸರಿ. ಓಡಿಸುವ ಸಮಯವೂ ಸ್ಥಳವೂ ಇಲ್ಲದವರು ಅದನ್ನು ತರಬಾರದೆಂದು ನಾನು ಖಂಡಿತವಾಗಿ ಹೇಳುತ್ತೇನೆ. ನೀರಿನಲ್ಲಿ ಬಿದ್ದ ಬೇಟೆಯನ್ನು ಬಾಯಲ್ಲಿ ಹೊತ್ತು ತರಲೆಂದು ಬೆಳೆಸಿದ ಲ್ಯಾಬ್ರಡಾರ್ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡರೆ ಆಶ್ಚರ್ಯವೂ ಇಲ್ಲ.

ತಂದಾಗಿದೆ, ಈಗೇನು ಮಾಡಬೇಕು ಎನ್ನುವವರಿಗೆ ಕೆಲವು ಮಾತು. ನಸುಕಿನಲ್ಲೇ, ಡಾಂಬರು ಕಾಯುವ ಮುನ್ನ, ಮುಕ್ಕಾಲು ಗಂಟೆ ನಡೆಸಿರಿ; ಸಂಜೆಗೆ ಮತ್ತೊಮ್ಮೆ. ಬರೀ ಓಟ ಸಾಲದು, ಮೂಸಲು ಬಿಡಿರಿ. ನಾಯಿ ಮೂಗಿನಿಂದ ಲೋಕವನ್ನು ಓದುತ್ತದೆ. ಚೌಪಾಟಿಯ ಮರಳಿನಲ್ಲಿ ಕಾಲು ಗಂಟೆ ಮೂಸಿದರೆ ಅದರ ಬುದ್ಧಿಗೂ ಕೆಲಸವಾಗಿ ಮನಸ್ಸು ಶಾಂತವಾಗುತ್ತದೆ. ಊಟವನ್ನು ತಟ್ಟೆಯಲ್ಲಿ ಸುರಿಯುವ ಬದಲು ಒಂದು ಪಾಲನ್ನು ಹಳೆಯ ಟವೆಲಿನಲ್ಲಿ ಸುತ್ತಿಟ್ಟು ಹುಡುಕಿ ತಿನ್ನಲು ಬಿಡಿರಿ. ಹಗ್ಗ ಎಳೆದ ಕೂಡಲೇ ನಿಂತುಬಿಡಿ, ಸಡಿಲಿಸಿದಾಗ ಮುಂದೆ ನಡೆಯಿರಿ. ಮೈಮೇಲೆ ಜಿಗಿದರೆ ಬೆನ್ನು ತಿರುಗಿಸಿ. ನಾಲ್ಕೂ ಕಾಲು ನೆಲಕ್ಕೆ ಬಂದಾಗ ತಲೆ ಸವರಿ ತಿಂಡಿ ಕೊಡಿ. ಅಪ್ಪ ಗದರಿಸುವುದು, ಅಜ್ಜಿ ಗುಟ್ಟಾಗಿ ಬಿಸ್ಕತ್ತು ಕೊಡುವುದು ನಡೆದರೆ ಏನೂ ಫಲವಿಲ್ಲ. ಮನೆಮಂದಿಯೆಲ್ಲ ಒಂದೇ ನಿಯಮ ಪಾಲಿಸಬೇಕು. ಆರ್.ಡಿ. ಖಾತೆಯಂತೆ ಇದರಲ್ಲಿ ಕಂತು ತಪ್ಪಿಸುವಂತಿಲ್ಲ.

ಹೊಡೆತದ ಬಗ್ಗೆ ನನ್ನದು ಕಟುವಾದ ಅಭಿಪ್ರಾಯ. ಹೊಡೆಸಿಕೊಂಡ ನಾಯಿ ಗುರುಗುಟ್ಟುವುದನ್ನು ಬಿಟ್ಟು, ಸೂಚನೆ ಕೊಡದೆ ಕಚ್ಚಲು ಕಲಿಯಬಹುದು. ಆಗ ಅಪಾಯ ಯಜಮಾನನಿಗಷ್ಟೇ ಅಲ್ಲ, ಲಿಫ್ಟಿನಲ್ಲಿ ಜೊತೆಗೆ ನಿಂತ ಮಗುವಿಗೂ ಉಂಟು. ಇದ್ದಕ್ಕಿದ್ದಂತೆ ಸಿಡುಕುವ ನಾಯಿಗೆ ಕಿವಿಯ ಸೋಂಕೋ ಎಲುಬಿನ ನೋವೋ ಇರಬಹುದಾದ್ದರಿಂದ ಮೊದಲು ಪಶುವೈದ್ಯರಿಗೆ ತೋರಿಸಬೇಕು. ರೇಬೀಸ್ ಲಸಿಕೆ ಕಾಲಕಾಲಕ್ಕೆ ತಪ್ಪಬಾರದು. ಮಳೆಗಾಲದಲ್ಲಿ ಹಿಂದಮಾತಾದಂಥ ಕಡೆ ನೀರು ನಿಂತಾಗ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ನಾಯಿಗೂ ನಮಗೂ ತಗಲುವ ರೋಗ. ನಾಯಿಗೆ ಇದರ ಲಸಿಕೆಯೂ ಇದೆ. ಹಲ್ಲು ತಾಗಿ ಚರ್ಮ ಗೀರಿದರೂ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ರೇಬೀಸ್ ತಲೆದೋರಿದ ಮೇಲೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಮೆತ್ತುವ ಹಳೆಯ ಪದ್ಧತಿ ಬೇಡ.

ಹೌಸಿಂಗ್ ಸೊಸೈಟಿಗಳ ಜಗಳದ ಬಗ್ಗೆ ಒಂದೇ ಮಾತು. ಸಂಘದವರು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೆ ಆ ಕಾಗದವನ್ನು ನೆರೆಯವರ ಮುಖಕ್ಕೆ ಹಿಡಿದರೆ ಸ್ನೇಹ ಬೆಳೆಯದು. ಮೆಟ್ಟಿಲ ಮೇಲಿನ ಹೊಲಸನ್ನು ತಾವೇ ತೆಗೆಯುವ, ನಾಯಿಗೆ ಹೆದರುವ ಅಜ್ಜಿ ಬಂದರೆ ಲಿಫ್ಟನ್ನು ಅವರಿಗೇ ಬಿಟ್ಟುಕೊಡುವ ಯಜಮಾನನ ಮೇಲೆ ದೂರು ಬರುವುದು ಅಪರೂಪ.

ಒಂದು ವರ್ಷದ ಆರೋಗ್ಯವಂತ ನಾಯಿಯನ್ನು ‘ಯಾರಿಗಾದರೂ ಕೊಟ್ಟುಬಿಡೋಣ’ ಎಂದು ಕೇಳಿಕೊಂಡು ಬರುವವರು ನನಗೆ ಆಗಾಗ ಸಿಗುತ್ತಾರೆ. ಹಾಗೆ ನಿರ್ಧರಿಸುವ ಮುನ್ನ ನಮ್ಮ ದಾದರಿಗೆ ತಾಗಿಕೊಂಡೇ ಇರುವ ಪರೇಲಿಗೆ ಒಮ್ಮೆ ಹೋಗಿಬನ್ನಿರೆಂದು ಅವರಿಗೆ ಹೇಳುತ್ತೇನೆ. 1880ರ ದಶಕದಲ್ಲಿ ಆರಂಭವಾದ ಬಾಯಿ ಸಾಕರಬಾಯಿ ದಿನಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಅಲ್ಲಿದೆ. ವೈದ್ಯರೊಡನೆ ಮಾತನಾಡಿ, ಸಂತಾನಹರಣ ಚಿಕಿತ್ಸೆ ಯಾವಾಗ ಸೂಕ್ತವೆಂದು ಕೇಳಿ, ಇನ್ನಾರು ತಿಂಗಳು ನಸುಕಿನ ನಡಿಗೆಯನ್ನು ತಪ್ಪಿಸದೆ ನೋಡಲಿ. ಕೊಡುವ ಮಾತನ್ನು ಆಮೇಲೆ ಆಡಬಹುದು.