ದಢೇಸುಗೂರಿನ ಗದ್ದೆಯೂ ರಾಯಚೂರಿನ ಗ್ರಂಥಾಲಯವೂ

ತುಂಗಭದ್ರೆಯ ಎಡದಂಡೆಯ ಮೇಲೆ, ಸಿಂಧನೂರು ತಾಲೂಕಿನ ದಢೇಸುಗೂರಿನಲ್ಲಿ, ಒಂದು ಕೃಷಿ ಸಂಶೋಧನ ಕೇಂದ್ರವಿರುವ ಸಂಗತಿಯು ನಮ್ಮ ವಾಚಕರಲ್ಲಿ ಬಹುಜನರಿಗೆ ಗೊತ್ತಿದೆ. ಅದು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆ ಸೀಮೆಯ ಜನರ ಜೀವಾಳವಾದ ಭತ್ತವೇ ಅಲ್ಲಿಯ ವಿಚಾರದ ಮುಖ್ಯ ವಸ್ತು. ಇಂಥ ಕೇಂದ್ರಗಳಿಗೆ ಬೀಜ ಬೇಕು, ನೀರು ಬೇಕು, ಗೊಬ್ಬರ ಬೇಕು, ಆಳು ಬೇಕು ಎಂಬುದನ್ನು ಸರಕಾರದವರೂ ಬಲ್ಲರು, ರೈತರೂ ಬಲ್ಲರು. ಆದರೆ ವಿಜ್ಞಾನಿಗೆ ಇವೆಲ್ಲಕ್ಕಿಂತ ಮೊದಲು ಬೇಕಾದುದು ಇನ್ನೊಂದಿದೆ, ಅದು ಓದು. ತಾನು ಮಾಡಹೊರಟ ಪ್ರಯೋಗವನ್ನು ಬೇರೆಯವರು ಎಲ್ಲಿಯಾದರೂ ಮಾಡಿದ್ದಾರೆಯೇ, ಮಾಡಿದ್ದರೆ ಏನು ಕಂಡುಕೊಂಡರು ಎಂಬುದನ್ನು ತಿಳಿಯದೆ ನೇಗಿಲು ಹೂಡುವ ವಿಜ್ಞಾನಿಯು ಜನರ ಹಣವನ್ನು ಮಣ್ಣುಗೂಡಿಸಿದಂತೆಯೇ ಸರಿ. ಈ ಓದನ್ನು ಹುಡುಕಿ, ಆರಿಸಿ, ವೇಳೆಗೆ ಸರಿಯಾಗಿ ಕೈಗೆ ಮುಟ್ಟಿಸುವ ಮನುಷ್ಯನೇ ವಿಜ್ಞಾನದ ಗ್ರಂಥಪಾಲ. ಆತನನ್ನು ಕುರಿತು ಇಂದು ನಾಲ್ಕು ಮಾತು ಬರೆಯಬೇಕೆಂದು ನಾವು ಮನಸ್ಸು ಮಾಡಿದ್ದೇವೆ. ಏಕೆಂದರೆ ಆತನು ಇನ್ನು ಬೇಡವೆಂಬ ಭಾವನೆಯು ಅಲ್ಲಲ್ಲಿ ತಲೆದೋರುತ್ತಿದೆ.

ಈ ಭಾವನೆಗೆ ಕಾರಣವಾದುದು ಒಂದು ಒಳ್ಳೆಯ ಕಾರ್ಯವೇ ಎಂಬುದು ವಿಚಿತ್ರ. ೨೦೨೪ನೆಯ ನವೆಂಬರ ೨೫ರಂದು ಕೇಂದ್ರ ಸಚಿವ ಸಂಪುಟವು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ೨೦೨೫ರಿಂದ ೨೦೨೭ರ ವರೆಗಿನ ಮೂರು ವರ್ಷಗಳಿಗೆ ಅದರ ವೆಚ್ಚ ೬,೦೦೦ ಕೋಟಿ ರೂಪಾಯಿ. ೩೦ ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು ೧೩,೦೦೦ ವಿದ್ವತ್ಪತ್ರಿಕೆಗಳನ್ನು, ಕೇಂದ್ರ ಮತ್ತು ರಾಜ್ಯ ಸರಕಾರಗಳ ೬,೩೦೦ಕ್ಕೂ ಮಿಕ್ಕಿದ ಸಂಸ್ಥೆಗಳಿಗೆ ವಿದ್ಯುನ್ಮಾನ ರೂಪದಲ್ಲಿ ಒದಗಿಸುವುದು ಅದರ ಉದ್ದೇಶ. ಇದಕ್ಕೆ ಮೊದಲೇ, ೨೦೦೭ರಲ್ಲಿ, ಭಾರತೀಯ ಕೃಷಿ ಸಂಶೋಧನ ಪರಿಷತ್ತಿನವರು ಕೃಷಿ ವಿದ್ಯಾಲಯಗಳಿಗಾಗಿ ಇಂಥದೇ ಒಂದು ಕೂಟವನ್ನು ಏರ್ಪಡಿಸಿದ್ದರು. ಬಡ ವಿದ್ಯಾಲಯದ ವಿದ್ಯಾರ್ಥಿಗೂ ಬೆಂಗಳೂರಿನ ವಿದ್ಯಾರ್ಥಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ ಈ ಕೆಲಸವನ್ನು ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ.

ಅಭಿನಂದಿಸುತ್ತಲೇ ಒಂದು ಮಾತನ್ನು ಹೇಳಬೇಕಾಗಿದೆ. ಹಿಂದೆ ನಮ್ಮ ನಾಡಿನ ಹತ್ತಿಯು ಮ್ಯಾಂಚೆಸ್ಟರಿಗೆ ಹೋಗಿ, ಅರಿವೆಯಾಗಿ ತಿರುಗಿ ಬಂದು, ಹತ್ತಿ ಬೆಳೆದವನಿಗೇ ಮಾರಲ್ಪಡುತ್ತಿತ್ತು. ಇಂದು ನಮ್ಮ ಗದ್ದೆಗಳಲ್ಲಿ, ನಮ್ಮ ತೆರಿಗೆಯ ಹಣದಿಂದ, ನಮ್ಮ ವಿಜ್ಞಾನಿಗಳು ಕಂಡುಕೊಂಡ ಸತ್ಯಗಳಲ್ಲಿ ಬಹುಭಾಗವು ಪರದೇಶದ ಪ್ರಕಾಶಕರ ಪತ್ರಿಕೆಗಳಲ್ಲಿ ಅಚ್ಚಾಗಿ, ಅವರ ಸೊತ್ತಾಗಿ, ತಿರುಗಿ ನಮಗೇ ಮಾರಲ್ಪಡುತ್ತಿದೆ. ಇಷ್ಟು ಬೆಲೆ ತೆತ್ತು ಕೊಂಡ ವಿದ್ಯೆಯಾದರೂ ದಢೇಸುಗೂರಿನ ಗದ್ದೆಯನ್ನು ಮುಟ್ಟದೆ ರಾಯಚೂರಿನ ಗಣಕಯಂತ್ರದಲ್ಲಿಯೇ ಉಳಿದುಹೋದರೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆಯು ನಮ್ಮ ಮೇಲೆಯೇ ನಿಜವಾಗುವುದು.

ಪತ್ರಿಕೆಗಳೆಲ್ಲ ಯಂತ್ರದಲ್ಲಿಯೇ ದೊರೆಯುವಾಗ ನಡುವೆ ಗ್ರಂಥಪಾಲನೇಕೆಂದು ಕೆಲವರು ಕೇಳುತ್ತಾರೆ. ಅಂಥವರು ಒಂದು ಉದಾಹರಣೆಯನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿ. ತುಂಗಭದ್ರೆಯ ಸೀಮೆಯಲ್ಲಿ ರೈತರು ಸೋನಾ ಮಸೂರಿಯೆಂದು ಕರೆಯುವ ಭತ್ತವು ಹಲವೆಡೆ ವಿಜ್ಞಾನಿಯ ಕಡತದಲ್ಲಿ ಬಿ.ಪಿ.ಟಿ. ೫೨೦೪, ಅದನ್ನು ಹುಟ್ಟಿಸಿದ ಬಾಪಟ್ಲದವರ ಬಾಯಲ್ಲಿ ಅದು ಸಾಂಬಾ ಮಸೂರಿ. ಅದಕ್ಕೆ ತಗಲುವ ದುಂಡಾಣು ಅಂಗಮಾರಿ ರೋಗದ ಜೀವಾಣುವಿಗೆ ಮೊದಲು ‘ಝ್ಯಾಂತೋಮೊನಾಸ್ ಕ್ಯಾಂಪೆಸ್ಟ್ರಿಸ್’ ಎಂಬ ಹೆಸರಿತ್ತು; ೧೯೯೦ರಲ್ಲಿ ಅದನ್ನು ‘ಝ್ಯಾಂತೋಮೊನಾಸ್ ಒರೈಝೆ’ ಎಂದು ಮಾರ್ಪಡಿಸಿದರು. ರೈತನು ಬೆಂಕಿರೋಗವೆನ್ನುವುದನ್ನು ಹುಟ್ಟಿಸುವ ಶಿಲೀಂಧ್ರವು ಕೆಲವು ಗ್ರಂಥಗಳಲ್ಲಿ ಪಿರಿಕ್ಯುಲೇರಿಯಾ, ಕೆಲವುಗಳಲ್ಲಿ ಮ್ಯಾಗ್ನಪೋರ್ಥೆ. ಹೊಸ ಹೆಸರನ್ನಷ್ಟೇ ಬರೆದು ಯಂತ್ರವನ್ನು ಕೇಳಿದವನಿಗೆ ಹಳೆಯ ಹೆಸರಿನಡಿಯಲ್ಲಿರುವ ಎಷ್ಟೋ ಲೇಖನಗಳು ಕಣ್ಣಿಗೇ ಬೀಳದೆ ಹೋಗುವುದುಂಟು. ಬೀಳಲಿಲ್ಲವೆಂಬುದು ಕೂಡ ಆತನಿಗೆ ತಿಳಿಯದು. ಒಂದು ವಸ್ತುವಿಗೆ ಎಷ್ಟು ಹೆಸರುಗಳಿವೆ, ಯಾವ ಹೆಸರು ಯಾವ ಕಾಲದ್ದು ಎಂಬುದನ್ನು ಅರಿತು ಹುಡುಕುವುದೇ ವಿಜ್ಞಾನದ ಗ್ರಂಥಪಾಲನ ಕಸಬು.

ಈ ಕಸಬನ್ನು ಶಾಸ್ತ್ರವಾಗಿ ಕಟ್ಟಿದ ಮಹನೀಯರು ನಮ್ಮ ದೇಶದವರೇ ಆಗಿದ್ದರೆಂಬುದು ಅಭಿಮಾನದ ಸಂಗತಿ. ಶಿಯಾಳಿ ರಾಮಾಮೃತ ರಂಗನಾಥನ್ ಅವರು ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದವರು. ೧೯೨೪ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ವಿಲಾಯತಿಗೆ ಹೋಗಿದ್ದಾಗ ಲಂಡನ್ನಿನ ಅಂಗಡಿಯೊಂದರಲ್ಲಿ ಮಕ್ಕಳ ಆಟಿಕೆಯನ್ನು ಕಂಡರು. ಅವೇ ಪಟ್ಟಿಗಳನ್ನೂ ಅವೇ ತಿರುಪುಗಳನ್ನೂ ಬೇರೆ ಬೇರೆಯಾಗಿ ಜೋಡಿಸಿ ಬೇರೆ ಬೇರೆ ಗೊಂಬೆಗಳನ್ನು ಮಾಡಬಹುದಾಗಿತ್ತು. ಜ್ಞಾನದ ವಿಷಯಗಳನ್ನೂ ಹೀಗೆಯೇ ಬಿಡಿಸಿ ಜೋಡಿಸಬಹುದೆಂದು ಅವರಿಗೆ ಹೊಳೆಯಿತು. ಯಾವ ಬೆಳೆ, ಅದರ ಯಾವ ಭಾಗ, ಯಾವ ರೋಗ, ಯಾವ ಉಪಾಯ, ಯಾವ ಸ್ಥಳ, ಯಾವ ಕಾಲ ಎಂದು ಬಿಡಿಸಿ ನೋಡುವ ಅವರ ‘ಕೋಲನ್’ ವರ್ಗೀಕರಣವು ೧೯೩೩ರಲ್ಲಿ ಪ್ರಕಟವಾಯಿತು. ಪುಸ್ತಕವಿರುವುದು ಬಳಸುವುದಕ್ಕೆ, ಓದುಗನ ವೇಳೆಯನ್ನು ಉಳಿಸುವುದು ಗ್ರಂಥಪಾಲನ ಧರ್ಮ ಎಂಬ ಅರ್ಥದ ಸೂತ್ರಗಳನ್ನು ಅದಕ್ಕೂ ಎರಡು ವರ್ಷ ಮೊದಲೇ ಅವರು ಕೊಟ್ಟಿದ್ದರು. ಬಾಳಿನ ಕೊನೆಯ ಕಾಲವನ್ನು ಬೆಂಗಳೂರಿನಲ್ಲಿಯೇ ಕಳೆದರು. ೧೯೬೨ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿಯ ಕೇಂದ್ರವು ಅವರ ನೇತೃತ್ವದಲ್ಲಿ ಆರಂಭವಾಯಿತು. ೧೯೭೨ರಲ್ಲಿ ಅದೇ ಊರಿನಲ್ಲಿ ಕಾಲವಶರಾದರು. ಇಂಥ ಗುರುವಿನ ನಾಡಿನಲ್ಲಿ ಗ್ರಂಥಪಾಲನನ್ನು ಬೀಗದ ಕೈಗೊಂಚಲು ಹಿಡಿದ ಕಾವಲುಗಾರನೆಂದು ಭಾವಿಸುವುದು ಶೋಚನೀಯವಲ್ಲವೇ?

ಆತನ ದಿನಚರಿಯನ್ನು ಒಮ್ಮೆ ನೋಡಬೇಕು. ಬೆಳಗಾದರೆ ಪ್ರವೇಶಪದ ಮರೆತ ವಿದ್ಯಾರ್ಥಿಗಳ ಸಾಲು. ಬಳಿಕ ಬಂದ ಪುಸ್ತಕಗಳನ್ನು ದಾಖಲೆಗೆ ಹತ್ತಿಸಿ ಭತ್ತಕ್ಕೆ ೬೩೩.೧೮, ಮಣ್ಣಿಗೆ ೬೩೧.೪, ಸಸ್ಯರೋಗಕ್ಕೆ ೬೩೨ ಎಂದು ಡ್ಯೂಯಿಯ ಅಂಕೆಗಳನ್ನು ಅಂಟಿಸುವ ಕೆಲಸ. ಭತ್ತದ ರೋಗದ ಪುಸ್ತಕವು ಭತ್ತದ ಬಳಿ ಇರಬೇಕೋ ರೋಗದ ಬಳಿ ಇರಬೇಕೋ ಎಂಬುದನ್ನು ತೀರ್ಮಾನಿಸಲು ಎರಡೂ ವಿಷಯಗಳ ತಿಳಿವಳಿಕೆ ಬೇಕು. ಮಧ್ಯಾಹ್ನ ಸಂಶೋಧನ ಪ್ರಬಂಧಗಳಲ್ಲಿ ಕೃತಿಚೌರ್ಯವಿದೆಯೇ ಎಂಬ ತಪಾಸಣೆ. ಒಪ್ಪಿತವಾದ ಪ್ರಬಂಧಗಳನ್ನು ಕೃಷಿ ಪರಿಷತ್ತಿನ ‘ಕೃಷಿಕೋಶ’ ಭಂಡಾರಕ್ಕೆ ಸೇರಿಸುವ ಕೆಲಸ. ಅದರ ನಡುವೆ ಗೆದ್ದಲು, ಬೈಂಡಿಂಗು, ಬಿಲ್ಲು, ಲೆಕ್ಕತಪಾಸಣೆ. ಇಷ್ಟೆಲ್ಲ ಮಾಡಿದವನ ಹೆಸರು ಯಾವ ಸಂಶೋಧನ ಲೇಖನದ ತಲೆಯ ಮೇಲೂ ಅಚ್ಚಾಗುವುದು ಅಪರೂಪ.

ಇನ್ನೊಂದು ವಿಚಿತ್ರವನ್ನು ಹೇಳದಿರಲಾರೆವು. ಕೇಂದ್ರ ಸರಕಾರದ ೨೦೧೭ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷದಲ್ಲಿ ಸಾವಿರ ಪುಸ್ತಕಗಳು ಓದುಗರ ಕೈಗೆ ಹೋದರೆ ಅವುಗಳಲ್ಲಿ ಐದು ಕಳೆದುಹೋಗುವುದು ಸಹಜವೆಂದು ಎಣಿಸಬಹುದು, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇರಕೂಡದಷ್ಟೆ. ಆದರೆ ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಒಂದು ಪುಸ್ತಕ ಹೋದರೂ ವಿಚಾರಣೆ ತಪ್ಪದು. ನಿಯಮವು ತಪ್ಪೆಂದು ನಾವು ಹೇಳುವುದಿಲ್ಲ. ಜನರ ಸೊತ್ತಿಗೆ ಕಾವಲು ಬೇಕು. ಆದರೆ ವಿಜ್ಞಾನದ ಪರದೇಶೀ ಗ್ರಂಥಗಳಲ್ಲಿ ಸಾವಿರಕ್ಕಿಂತ ಕಡಿಮೆ ಬೆಲೆಯವು ಎಷ್ಟಿದ್ದಾವು? ಹೀಗಿರಲು ಅಂಜುಕುಳಿಯಾದ ಗ್ರಂಥಪಾಲನು ಪುಸ್ತಕವನ್ನು ಕೊಡುವುದಕ್ಕಿಂತ ಕಪಾಟಿನಲ್ಲಿ ಇಟ್ಟುಕೊಳ್ಳುವುದೇ ಕ್ಷೇಮವೆಂದು ಭಾವಿಸಿದರೆ ಆಶ್ಚರ್ಯವೇನು? ಕಳೆದ ಪುಸ್ತಕಕ್ಕೆ ವಿಚಾರಣೆಯುಂಟು. ಹತ್ತು ವರ್ಷ ಯಾರೂ ತೆರೆಯದೆ ಧೂಳು ತಿಂದ ಪುಸ್ತಕಕ್ಕೆ ವಿಚಾರಣೆಯಿಲ್ಲ. ನಮ್ಮ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡ ನಷ್ಟ.

ಓದು ಗದ್ದೆಯನ್ನು ಮುಟ್ಟದಿದ್ದರೆ ಏನಾಗುವುದೆಂಬುದಕ್ಕೆ ಕಂದು ಜಿಗಿಹುಳುವೇ ಸಾಕ್ಷಿ. ಈ ಹುಳು ಭತ್ತದ ಬುಡದಲ್ಲಿ ಕುಳಿತು ರಸ ಹೀರಿದರೆ ಪೈರು ಸುಟ್ಟಂತೆ ಒಣಗುತ್ತದೆ. ರೈತನು ಗಾಬರಿಯಿಂದ ಔಷಧ ಹೊಡೆಯುತ್ತಾನೆ. ಸಿಕ್ಕ ಔಷಧವನ್ನು ಹೊಡೆದರೆ ಹುಳುವನ್ನು ತಿನ್ನುವ ಜೇಡಗಳೂ ಇತರ ಮಿತ್ರಕೀಟಗಳೂ ಸಾಯುತ್ತವೆ, ಉಳಿದ ಹುಳು ಮತ್ತಷ್ಟು ಹೆಚ್ಚುತ್ತದೆ. ಇದನ್ನು ವಿಜ್ಞಾನಿಗಳು ದಶಕಗಳ ಹಿಂದೆಯೇ ಕಂಡುಕೊಂಡು ಬರೆದಿಟ್ಟಿದ್ದಾರೆ. ೧೯೮೬ರಲ್ಲಿ ಇಂಡೋನೇಷ್ಯದ ಸರಕಾರವು ಆ ಬರಹಗಳನ್ನು ನಂಬಿ ೫೭ ಕೀಟನಾಶಕಗಳನ್ನು ಭತ್ತದ ಮೇಲೆ ಸಿಂಪಡಿಸಕೂಡದೆಂದು ಆಜ್ಞೆ ಮಾಡಿತು. ಅಲ್ಲಿ ಓದು ಆಜ್ಞೆಯಾಯಿತು. ನಮ್ಮಲ್ಲಿ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಔಷಧದಂಗಡಿಯವನ ಮಾತೇ ಶಾಸ್ತ್ರವಾಗಿದೆ. ಸಂಶೋಧನ ಕೇಂದ್ರಕ್ಕೂ ಅಂಗಡಿಗೂ ನಡುವಣ ಈ ಪೈಪೋಟಿಯಲ್ಲಿ ಕೇಂದ್ರವು ಗೆಲ್ಲಬೇಕಾದರೆ ಅದರ ಕೈಯಲ್ಲಿ ಹೊಸ ಓದು ಸದಾ ಸಿದ್ಧವಾಗಿರಬೇಕು.

ಹೊಸ ಓದಿನಷ್ಟೇ ಹಳೆಯ ಕಾಗದಗಳೂ ಮುಖ್ಯ. ಈ ಸೀಮೆಯ ಚರಿತ್ರೆಯನ್ನು ನೋಡಿರಿ. ಹೊಳೆಯ ಆಚೆಯ ಸಿರುಗುಪ್ಪವು ೧೯೫೩ರ ವರೆಗೆ ಮದರಾಸು ಆಡಳಿತದಲ್ಲಿತ್ತು. ಈಚೆಯ ರಾಯಚೂರು ೧೯೫೬ರ ವರೆಗೆ ಹೈದರಾಬಾದಿನಲ್ಲಿತ್ತು. ಕೃಷಿ ವಿದ್ಯೆಯ ಆಡಳಿತವು ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಿಶ್ವವಿದ್ಯಾಲಯದಿಂದ ೧೯೮೬ರಲ್ಲಿ ಧಾರವಾಡಕ್ಕೂ, ೨೦೦೯ರಲ್ಲಿ ರಾಯಚೂರಿಗೂ ಬಂತು. ಹೀಗೆ ಒಂದೇ ಕರಿಮಣ್ಣಿನ ವಿಷಯದ ವರದಿಗಳು ಮೂರು ಆಡಳಿತಗಳ, ಮೂರು ವಿದ್ಯಾಪೀಠಗಳ ಕಪಾಟುಗಳಲ್ಲಿ ಹರಿದು ಹಂಚಿಹೋಗುವುದು ಸಹಜವೇ. ನೀರು ಹೆಚ್ಚಾಗಿ ಭೂಮಿ ಸವಳು ಜವಳು ಆಗುವುದು ಇಂದು ಎಡದಂಡೆ ನಾಲೆಯ ರೈತನ ದೊಡ್ಡ ಗೋಳು. ಕಾಲುವೆ ಬರುವ ಮೊದಲು ಆ ಮಣ್ಣು ಹೇಗಿತ್ತು, ಬಂದ ಬಳಿಕ ವರ್ಷ ವರ್ಷವೂ ಹೇಗೆ ಕೆಟ್ಟಿತು ಎಂಬುದನ್ನು ಯಾವ ಪರದೇಶದ ಪತ್ರಿಕೆಯಲ್ಲಿಯೂ ಹುಡುಕಿ ಫಲವಿಲ್ಲ. ಅದನ್ನು ಹೇಳಬಲ್ಲವು ಹಳೆಯ ವರದಿಗಳೂ ಹೊಲದ ದಾಖಲೆಗಳೂ ಮಾತ್ರ. ೬,೦೦೦ ಕೋಟಿ ಕೊಟ್ಟರೂ ಕೊಳ್ಳಲಾಗದ ವಿದ್ಯೆ ಇದು. ಒಮ್ಮೆ ಗೆದ್ದಲಿನ ಪಾಲಾದರೆ ಮತ್ತೆ ಬಾರದು.

ಕೇಳಿದುದಕ್ಕೆ ಉತ್ತರ ಕಟ್ಟಿಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆಯಲ್ಲಾ, ಇನ್ನು ಚಿಂತೆಯೇನು ಎನ್ನುವವರೂ ಇದ್ದಾರೆ. ಅವು ಉಪಯುಕ್ತವೆಂಬುದನ್ನು ನಾವು ಅಲ್ಲಗಳೆಯೆವು. ಆದರೆ ಅವು ಒಮ್ಮೊಮ್ಮೆ ಇಲ್ಲದ ಲೇಖನಕ್ಕೆ ಇಲ್ಲದ ಲೇಖಕನನ್ನು ಹೊಂದಿಸಿ ಧೈರ್ಯದಿಂದ ಹೇಳುವುದನ್ನು ಬಲ್ಲವರು ಬಲ್ಲರು. ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಠಕ್ಕು ಪತ್ರಿಕೆಗಳ ಹಾವಳಿಯೂ ಕಡಿಮೆಯಿಲ್ಲ. ಸಾಚಾ ಯಾವುದು ಖೋಟಾ ಯಾವುದು ಎಂದು ಉಜ್ಜಿ ನೋಡುವ ಒರೆಗಲ್ಲು ಒಬ್ಬನ ಕೈಯಲ್ಲಿರಬೇಕು. ಅಂಗಡಿಯ ಬೀಜವನ್ನು ರೈತನು ಮೊಳಕೆ ಬರಿಸಿ ನೋಡದೆ ಬಿತ್ತುವುದಿಲ್ಲ; ವಿದ್ಯೆಯ ಬೀಜಕ್ಕೆ ಆ ಪರೀಕ್ಷೆ ಬೇಡವೇ?

ಆದುದರಿಂದ ನಾವು ಸರಕಾರದವರನ್ನೂ ವಿಶ್ವವಿದ್ಯಾಲಯಗಳ ಅಧಿಕಾರಿಗಳನ್ನೂ ಇಷ್ಟನ್ನು ಕೇಳಿಕೊಳ್ಳುತ್ತೇವೆ. ಮೊದಲನೆಯದಾಗಿ, ಪತ್ರಿಕೆಗಳು ಯಂತ್ರದಲ್ಲಿ ಬಂದವೆಂಬ ನೆಪದಿಂದ ಗ್ರಂಥಪಾಲರ ಒಂದು ಸ್ಥಾನವನ್ನೂ ಖಾಲಿ ಬಿಡಬಾರದು. ವಿಜ್ಞಾನವನ್ನೂ ಗ್ರಂಥಾಲಯಶಾಸ್ತ್ರವನ್ನೂ ಎರಡನ್ನೂ ಓದಿದವರನ್ನು ಅಲ್ಲಿ ನೇಮಿಸಬೇಕು. ಎರಡನೆಯದಾಗಿ, ಮುಖ್ಯ ಗ್ರಂಥಾಲಯದಿಂದ ಒಬ್ಬ ಗ್ರಂಥಪಾಲರು ಗೊತ್ತಾದ ದಿನಗಳಲ್ಲಿ ದಢೇಸುಗೂರಿನಂಥ ಹೊರಗಣ ಕೇಂದ್ರಗಳಿಗೆ ಹೋಗಿ, ಅಲ್ಲಿಯವರಿಗೆ ಯಾವ ಓದು ಬೇಕೆಂಬುದನ್ನು ಗದ್ದೆಯ ಬದುವಿನ ಮೇಲೆಯೇ ಕೇಳಿ ತಿಳಿದು ಒದಗಿಸಬೇಕು. ಮೂರನೆಯದಾಗಿ, ಈ ಸೀಮೆಯ ಹಳೆಯ ಕೃಷಿವರದಿಗಳನ್ನು ಎಲ್ಲೆಲ್ಲಿಂದಲೂ ಕಲೆಹಾಕಿ, ಪಟ್ಟಿಮಾಡಿ, ಛಾಯಾಪ್ರತಿ ತೆಗೆದಿರಿಸಬೇಕು. ನಾಲ್ಕನೆಯದಾಗಿ, ಬೆಳೆಗೆ ಸಂಬಂಧಿಸಿದ ಮುಖ್ಯ ಸಂಶೋಧನೆಗಳ ಸಾರಾಂಶವನ್ನು ವಿಸ್ತರಣ ಕಾರ್ಯಕರ್ತರ ನೆರವಿನಿಂದ ಹಂಗಾಮಿಗೆ ಮೊದಲೇ ತಿಳಿಗನ್ನಡದಲ್ಲಿ ಹೊರಡಿಸಬೇಕು. ಕೊನೆಯದಾಗಿ, ಗ್ರಂಥಪಾಲರ ಕೆಲಸವನ್ನು ಎಷ್ಟು ಪುಸ್ತಕ ಉಳಿಯಿತೆಂಬುದರಿಂದ ಅಳೆಯದೆ, ಎಷ್ಟು ಓದು ಎಷ್ಟು ಜನರಿಗೆ ವೇಳೆಗೆ ಮುಟ್ಟಿತೆಂಬುದರಿಂದ ಅಳೆಯಬೇಕು.

ಇದಕ್ಕೆಲ್ಲ ಬೇಕಾಗುವ ಹಣವು ಪರದೇಶದ ಪ್ರಕಾಶಕರಿಗೆ ತೆರುವ ಚಂದಾದ ಮುಂದೆ ಅಲ್ಪವೇ ಸರಿ. ದೊಡ್ಡ ಕಾಲುವೆಯನ್ನು ತೋಡಿಸಿ ಹೊಲಗಾಲುವೆಯನ್ನು ಮರೆತರೆ ಕೊನೆಯ ಹೊಲಕ್ಕೆ ನೀರು ಬಾರದೆಂಬುದನ್ನು ತುಂಗಭದ್ರೆಯ ಕೆಳಭಾಗದ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ವಿದ್ಯೆಯ ದೊಡ್ಡ ಕಾಲುವೆಯನ್ನು ಸರಕಾರದವರು ತೋಡಿಸಿದ್ದಾರೆ. ಹೊಲಗಾಲುವೆಯ ಕೆಲಸ ಗ್ರಂಥಪಾಲರದು. ಅವರನ್ನು ನೇಮಿಸಿ, ನಂಬಿ, ಕೆಲಸಕ್ಕೆ ಬಿಡುವುದು ಅಧಿಕಾರಿಗಳಿಗೆ ಸೇರಿದ್ದು. ಈ ಹಂಗಾಮಿನಲ್ಲಿಯೇ ಅದಕ್ಕೆ ಕೈಹಚ್ಚಲಿ.