ಬೆತ್ತವೋ, ಹತ್ತು ನಾಣ್ಯಗಳೋ?

ಚೀನದ ಸಾಂಪ್ರದಾಯಿಕ ಸಂಗೀತ ನಾಟಕದ ವಿಷಯವು ನಮ್ಮ ಬಳಗದಲ್ಲಿ ಪ್ರಸ್ತಾಪವಾದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಅಲ್ಲಿ ಹಿಂದೆ ಮಕ್ಕಳನ್ನು ಹೊಡೆದು ಕಲಿಸುತ್ತಿದ್ದರು, ಆದುದರಿಂದಲೇ ಮಹಾನಟರು ಹುಟ್ಟಿದರು. ಈಗ ಶಾಲೆ ಬಂತು, ಪಠ್ಯಪುಸ್ತಕ ಬಂತು, ಪದವಿ ಬಂತು, ಕಲೆ ಹೋಯಿತು." 1993ರಲ್ಲಿ ತೆರೆಗೆ ಬಂದ, ಚೆನ್ ಕೈಗೆಯವರ 'ಫೇರ್‌ವೆಲ್ ಮೈ ಕಾಂಕ್ಯುಬೈನ್' ಚಿತ್ರವನ್ನು ನೋಡಿದವರಂತೂ ಕಣ್ಣಾರೆ ಕಂಡ ಸಾಕ್ಷಿಗಳಂತೆ ಇದನ್ನು ನುಡಿಯುತ್ತಾರೆ. ಅದೇ ಚಿತ್ರದಲ್ಲಿ ಏಟಿಗೆ ಹೆದರಿದ ಬಾಲಕನೊಬ್ಬನು ನೇಣು ಹಾಕಿಕೊಂಡು ಸಾಯುವ ಸಂಗತಿಯೂ ಇದೆ. ಅದು ಮಾತ್ರ ಅವರ ನೆನಪಿನಲ್ಲಿ ಉಳಿದಂತಿಲ್ಲ. ಬೆತ್ತದ ಈ ಸ್ತೋತ್ರವನ್ನು ನಾವು ಒಪ್ಪಲಾರೆವು. ಮಕ್ಕಳ ನಡುವೆಯೇ ಹಗಲು ಕಳೆಯುವ ಪ್ರಾಥಮಿಕ ಶಿಕ್ಷಕರಾದ ನಮಗೆ ಇದು ಪರದೇಶದ ಹರಟೆಯಲ್ಲ.

ಮೊದಲು ಎದುರುಪಕ್ಷದ ಸಂಗತಿಗಳನ್ನೇ ಪ್ರಾಮಾಣಿಕವಾಗಿ ಮುಂದಿಡೋಣ. ಪೆಕಿಂಗ್ ನಾಟಕದ ಹಳೆಯ ಶಿಕ್ಷಣವು ಮೇಳಶಾಲೆಗಳಲ್ಲಿ ನಡೆಯುತ್ತಿತ್ತು. ಅವುಗಳಲ್ಲಿ ಅತಿ ಪ್ರಸಿದ್ಧವಾದುದು 1904ರಲ್ಲಿ ಯೆ ಚುನ್‌ಷಾನ್ ಎಂಬ ನಟನು ಸ್ಥಾಪಿಸಿದ ಶಾಲೆ. ಮೊದಲು ಷೀಲಿಯೆನ್‌ಚೆಂಗ್ ಎಂದೂ 1912ರ ತರುವಾಯ ಫೂಲಿಯೆನ್‌ಚೆಂಗ್ ಎಂದೂ ಹೆಸರಾದ ಈ ಸಂಸ್ಥೆಯು 1948ರವರೆಗೆ ಬಾಳಿ, ಸುಮಾರು 700 ಬಾಲಕರನ್ನು ತಯಾರುಮಾಡಿತು. ಒಂದೊಂದು ತಂಡದ ಮಕ್ಕಳ ಹೆಸರಿನಲ್ಲಿ ಒಂದೊಂದು ಅಕ್ಷರವು ಸಮಾನವಾಗಿರುತ್ತಿತ್ತು. 'ಲಿಯೆನ್' ತಂಡದ ಮಾ ಲಿಯೆನ್‌ಲಿಯಾಂಗ್, 'ಫೂ' ತಂಡದ ತಾನ್ ಫೂಯಿಂಗ್, 'ಷೆಂಗ್' ತಂಡದ ಚಿಯೂ ಷೆಂಗ್‌ರೋಂಗ್ ಇವರೆಲ್ಲ ಇಲ್ಲಿಯೇ ಕಲಿತವರು. ಇಲ್ಲಿ ಏಟೂ ಇತ್ತು. ಒಬ್ಬನು ತಪ್ಪಿದರೆ ಎಲ್ಲರಿಗೂ ಹೊಡೆತ ಬೀಳುವ ಪದ್ಧತಿಯೂ ಇತ್ತು. ಮಗುವನ್ನು ಸೇರಿಸುವಾಗ ತಂದೆತಾಯಿಗಳು ಸಾಮಾನ್ಯವಾಗಿ ಏಳು ವರ್ಷಗಳ ಕರಾರಿಗೆ ರುಜು ಹಾಕಬೇಕಿತ್ತು. ಮಗು ಓಡಿಹೋದರೂ, ಸತ್ತರೂ ಗುರುವು ಹೊಣೆಯಲ್ಲವೆಂಬ ಮಾತನ್ನು ಇಂಥ ಕರಾರುಗಳಲ್ಲಿ ಬರೆಯುತ್ತಿದ್ದರು.

ಈ ಕರಾರಿನ ಮಾತನ್ನು ವಾಚಕರು ಇನ್ನೊಮ್ಮೆ ಓದಬೇಕೆಂದು ನಮ್ಮ ವಿನಂತಿ. ಹೊಣೆಯಲ್ಲವೆಂದು ಮೊದಲೇ ಬರೆದಿಡುವ ಅಗತ್ಯ ಏಕೆ ಬಿತ್ತು? ಅಂಥದು ನಡೆಯುತ್ತಿದ್ದುದರಿಂದಲ್ಲವೆ? ಮಾ ಲಿಯೆನ್‌ಲಿಯಾಂಗರ ಹೆಸರನ್ನು ನಾವು ಬಲ್ಲೆವು. ಕಂಠ ಒಡೆದು ಹೋದವನ, ಬೆನ್ನು ಮುರಿದವನ, ರಾತ್ರಿ ಗೋಡೆ ಹಾರಿ ಓಡಿದವನ ಹೆಸರನ್ನು ಬಲ್ಲವರು ಯಾರು? ಗೆದ್ದವರನ್ನಷ್ಟೇ ಎಣಿಸಿ, ಬೆತ್ತವೇ ಗೆಲ್ಲಿಸಿತು ಎನ್ನುವುದು ಯಾವ ಲೆಕ್ಕ? ನಮ್ಮ ಮೂರನೆಯ ತರಗತಿಯ ಮಕ್ಕಳೂ ಈ ಲೆಕ್ಕವನ್ನು ತಪ್ಪೆನ್ನುವರು.

ಹಾಗಾದರೆ ಆ ಶಾಲೆಯು ಕಲಿಸಿದುದು ಯಾವುದರಿಂದ? ಹಾಡು, ಮಾತು, ಅಭಿನಯ, ಯುದ್ಧ ಈ ನಾಲ್ಕೂ ಒಂದೇ ದೇಹದಲ್ಲಿ ನೆಲೆಗೊಳ್ಳಬೇಕಾದ ಕಲೆ ಅದು. ಮಕ್ಕಳು ಮುಂಜಾವಿನಲ್ಲಿ ಕಂಠ ಸಾಧಿಸಿ, ಕಾಲೆತ್ತಿ, ಲಾಗ ಹಾಕಿ, ಅನಂತರ ಹಿರಿಯ ನಟರ ಎದುರು ಪಾಠ ಒಪ್ಪಿಸುತ್ತಿದ್ದರು. ಅದೇ ಮಕ್ಕಳು ಕಲಿಕೆಯ ಕಾಲದಲ್ಲಿಯೇ ಪೇಟೆಯ ನಾಟಕಮಂದಿರದಲ್ಲಿ ಹಣ ಕೊಟ್ಟು ಬಂದ ಪ್ರೇಕ್ಷಕರೆದುರು ಆಡುತ್ತಿದ್ದರು. ಗುರುವಿನ ಸಾಮೀಪ್ಯ, ದೀರ್ಘವಾದ ಕಾಲ, ಎಡೆಬಿಡದ ರಂಗಾನುಭವ: ಈ ಮೂರು ಅಲ್ಲಿ ಸಮೃದ್ಧವಾಗಿದ್ದುವು. ಬೆತ್ತವು ಇವುಗಳ ಪಕ್ಕದಲ್ಲಿ ನಿಂತಿತ್ತು. ಪಕ್ಕದಲ್ಲಿ ನಿಂತುದರಿಂದಲೇ ಕೀರ್ತಿಯಲ್ಲಿ ಪಾಲು ಪಡೆಯಿತು.

ಇದು ನಮ್ಮ ಊಹೆಯಲ್ಲ. ಈ ರಂಗಭೂಮಿಯ ಅತಿ ಖ್ಯಾತ ನಟರಾದ ಮೇಯ್ ಲಾನ್‌ಫಾಂಗರೇ (1894-1961) ಇದಕ್ಕೆ ಸಾಕ್ಷಿ. ಸ್ತ್ರೀಪಾತ್ರದಲ್ಲಿ ಜಗತ್ಪ್ರಸಿದ್ಧರಾದ ಅವರು ತಮ್ಮ ಗುರು ವೂ ಲಿಂಗ್‌ಷಿಯೆನ್ನರ ಪಾಠಕ್ರಮವನ್ನು ಸ್ಮರಣೆಗಳಲ್ಲಿ ವಿವರಿಸಿದ್ದಾರೆ. ಮೇಜಿನ ಮೇಲೆ ಒಂದು ಮರದ ಪಟ್ಟಿ. ತಾಳ ಹಾಕಲಿಕ್ಕೂ ಅದೇ, ಹೊಡೆಯಲಿಕ್ಕೂ ಅದೇ. ಅದರ ಜೊತೆಗೆ ಹತ್ತು ನಾಣ್ಯಗಳು, ಒಂದು ತಟ್ಟೆ. ಹಾಡಿನ ಒಂದು ಭಾಗವನ್ನು ಒಮ್ಮೆ ಹಾಡಿದರೆ ಒಂದು ನಾಣ್ಯ ತಟ್ಟೆಗೆ ಬೀಳುವುದು. ಹತ್ತೂ ತಟ್ಟೆ ಸೇರಿದ ಮೇಲೆ ಮತ್ತೆ ಮೊದಲಿನ ಸ್ಥಳಕ್ಕೆ, ಪುನಃ ಒಂದರಿಂದ. ಹೀಗೆ ಇಪ್ಪತ್ತು, ಮೂವತ್ತು ಸಲ. ಆ ಪಟ್ಟಿಯಿಂದ ಗುರುಗಳು ತಮ್ಮನ್ನು ಒಮ್ಮೆಯೂ ಹೊಡೆಯಲಿಲ್ಲವೆಂದು ಮೇಯ್ ಹೇಳಿದ್ದಾರೆ. ಎರಡೂ ಒಂದೇ ಮೇಜಿನ ಮೇಲಿದ್ದುವು. ಮೇಯ್ ಲಾನ್‌ಫಾಂಗರನ್ನು ರೂಪಿಸಿದುದು ನಾಣ್ಯವೇ ಹೊರತು ಪಟ್ಟಿಯಲ್ಲ.

"ಆದರೆ ಅವರೂ ಕಷ್ಟಪಟ್ಟರಲ್ಲ!" ಎಂದು ಕೇಳುವವರಿದ್ದಾರೆ. ಪಟ್ಟರು, ನಿಜ. ಸ್ತ್ರೀಪಾತ್ರದ ನಡಿಗೆಗಾಗಿ ಮರದ ಪುಟ್ಟ ಪಾದಗಳನ್ನು ಕಾಲಿಗೆ ಕಟ್ಟಿ, ಬೆಂಚಿನ ಮೇಲೆ ಇಟ್ಟಿಗೆಯಿರಿಸಿ, ಒಂದು ಊದುಬತ್ತಿ ಉರಿದು ಮುಗಿಯುವವರೆಗೆ ಅದರ ಮೇಲೆ ನಿಲ್ಲುತ್ತಿದ್ದರು. ಚಳಿಗಾಲದಲ್ಲಿ ಹಿಮಗಟ್ಟಿದ ನೆಲದ ಮೇಲೆ ಅದೇ ಪಾದಗಳಿಂದ ಓಡುತ್ತಿದ್ದರು. ಆಗ ನೊಂದುಕೊಂಡರೂ, ಮುಪ್ಪಿನಲ್ಲಿಯೂ ರಂಗದ ಮೇಲೆ ದೃಢವಾಗಿ ನಿಲ್ಲಲು ಆ ಅಭ್ಯಾಸವೇ ನೆರವಾಯಿತೆಂದು ಕೃತಜ್ಞತೆಯಿಂದ ನೆನೆದರು. ನಾವೂ ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಾಧನೆಯ ಕಷ್ಟ ಬೇರೆ, ಅವಮಾನದ ಕಷ್ಟ ಬೇರೆ. ಮೊದಲನೆಯದು ಶಿಷ್ಯನ ಕಾಲಿಗೆ ಬಲ ಕೊಡುತ್ತದೆ. ಎರಡನೆಯದು ಗುರುವಿನ ಕೋಪಕ್ಕೆ ದಾರಿ ಕೊಡುತ್ತದೆ. ಇವೆರಡನ್ನೂ ಬೆರೆಸಿ ಮಾತಾಡುವುದೇ ಈ ವಾದದ ಮೂಲದೋಷ.

ಬದಲಾವಣೆಯು ಒಂದೇ ದಿನ ಬಂದುದಲ್ಲ. 1930ರಲ್ಲಿ ಪೆಕಿಂಗಿನಲ್ಲಿ ಹೊಸ ನಾಟಕಶಾಲೆಯೊಂದು ಜಿಯಾವ್ ಜೂಯಿನ್ನರ ಮುಖ್ಯಸ್ಥಿಕೆಯಲ್ಲಿ ಆರಂಭವಾಯಿತು. ಅಲ್ಲಿ ಬಾಲಕರೂ ಬಾಲಕಿಯರೂ ಒಟ್ಟಿಗೆ ಕಲಿತರು. ಲಾಗದ ಜೊತೆಗೆ ಭಾಷೆಯನ್ನೂ ಇತಿಹಾಸವನ್ನೂ ಓದಿದರು. ಅದುವರೆಗೆ ಫೂಲಿಯೆನ್‌ಚೆಂಗ್‌ನಂಥ ಶಾಲೆಗಳ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ್ದಿತೆಂಬುದನ್ನು ಹಳೆಯ ಕಾಲದ ಭಕ್ತರು ಏಕೆ ಹೇಳುವುದಿಲ್ಲ? ಜಪಾನೀಯರ ಆಕ್ರಮಣದ ಕಾಲದಲ್ಲಿ, 1940ರಲ್ಲಿ, ಆ ಶಾಲೆ ಮುಚ್ಚಿತು. 1950ರಲ್ಲಿ ಸರಕಾರದ ನಾಟಕಶಾಲೆ ಸ್ಥಾಪನೆಯಾಯಿತು. 1978ರಲ್ಲಿ ಅದು ಉನ್ನತ ವಿದ್ಯಾಲಯವಾಯಿತು.

ಕಲೆಯ ಸರಪಣಿ ಎಲ್ಲಿಯಾದರೂ ತುಂಡಾಗಿದ್ದರೆ, ಅದು ಬೆತ್ತ ಬಿಟ್ಟುದರಿಂದಲ್ಲ. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಳೆಯ ನಾಟಕಗಳು ನಿಷಿದ್ಧವಾದುವು. ಬೆರಳೆಣಿಕೆಯ 'ಮಾದರಿ' ನಾಟಕಗಳಿಗಷ್ಟೆ ರಂಗವಿತ್ತು. ಗುರುಗಳು ಅಪಮಾನಕ್ಕೊಳಗಾದರು, ಮಾ ಲಿಯೆನ್‌ಲಿಯಾಂಗರು 1966ರಲ್ಲಿಯೇ ತೀರಿಕೊಂಡರು. ಹಿಂಸೆಯು ಕಲೆಯನ್ನು ಬೆಳೆಸುವುದಾದರೆ ಆ ಹತ್ತು ವರ್ಷಗಳು ಸುವರ್ಣಯುಗವಾಗಬೇಕಿತ್ತು.

ಇನ್ನೊಂದು ನಿದರ್ಶನವು ಹಾಂಗ್‌ಕಾಂಗಿನದು. 1960ರ ದಶಕದಲ್ಲಿಯೂ ಅಲ್ಲಿನ ನಾಟಕಶಾಲೆಯೊಂದರಲ್ಲಿ ಹಳೆಯ ಕರಾರು, ಹಳೆಯ ಬೆತ್ತ ಎರಡೂ ಉಳಿದಿದ್ದುವು. ಜಾಕಿ ಚಾನ್, ಸ್ಯಾಮೋ ಹಂಗ್ ಅಲ್ಲಿಯೇ ಬೆಳೆದವರು. ಆದರೆ ಅವರು ಖ್ಯಾತರಾದುದು ಚಲನಚಿತ್ರದಲ್ಲಿ. ನಾಟಕಕ್ಕೆ ಆಗಲೇ ಪ್ರೇಕ್ಷಕರು ಕರಗಿದ್ದರು. ಬೆತ್ತವು ಲಾಗವನ್ನು ಕಲಿಸಿತೆಂದೇ ಒಪ್ಪೋಣ. ನಾಟಕಕ್ಕೆ ಪ್ರೇಕ್ಷಕರನ್ನು ಕರೆತರಲು ಅದಕ್ಕಾಯಿತೆ?

ಇನ್ನು ಹೊಸತನ್ನು ಹೊಗಳುವವರಿಗೂ ಒಂದು ಮಾತು. ಪದವಿಪತ್ರವು ನಟನನ್ನು ಮಾಡುವುದಿಲ್ಲ. ನಾವೂ ತರಬೇತಿಯ ಪ್ರಮಾಣಪತ್ರ ಪಡೆದವರೇ. ಅದರ ಬೆಲೆಯನ್ನೂ ಬಲ್ಲೆವು, ಮಿತಿಯನ್ನೂ ಬಲ್ಲೆವು. ತರಗತಿಯ ಗಂಟೆ ಬಾರಿಸಿದೊಡನೆ ಗುರು ಎದ್ದುಹೋದರೆ, ಮಗುವಿಗೆ ರಂಗವೇರಲು ವರ್ಷಕ್ಕೊಂದು ಸಂದರ್ಭ ದೊರೆತರೆ, ಎಷ್ಟು ಪರೀಕ್ಷೆ ಗೆದ್ದೂ ಫಲವಿಲ್ಲ. ಅಳುವುದಾದರೆ ಕಡಿಮೆಯಾದ ರಂಗಕ್ಕಾಗಿ, ದೂರವಾದ ಗುರುವಿಗಾಗಿ ಅಳೋಣ, ಬೆತ್ತಕ್ಕಾಗಿ ಅಲ್ಲ.

ಕೊನೆಗೆ ನಮ್ಮದೇ ತಪ್ಪೊಪ್ಪಿಗೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ನಮ್ಮ ದೇಶದ ಶಾಲೆಗಳಲ್ಲಿ ದೈಹಿಕ ದಂಡನೆಯನ್ನು ನಿಷೇಧಿಸಿದೆ. ಆದರೂ ಮಗ್ಗಿ ಬಾರದ ಮಗುವಿನ ಮೇಲೆ ನಾವು ಕೈಯೆತ್ತಿದುದುಂಟು. ಆ ದಿನ ಮಗು ಗಡಗಡನೆ ಮಗ್ಗಿ ಹೇಳಿತು, ಮರುದಿನ ಮರೆಯಿತು, ನಮ್ಮನ್ನು ಕಂಡರೆ ಬೆಚ್ಚುವುದನ್ನು ಮಾತ್ರ ಮರೆಯಲಿಲ್ಲ. ಅಂದು ನಮಗೆ ಬೇಕಾಗಿದ್ದುದು ಇಪ್ಪತ್ತು ಸಲ ಕೇಳುವ ಸಹನೆ. ಹೊಡೆಯಲು ಒಂದು ಕ್ಷಣ ಸಾಕು; ಹತ್ತು ನಾಣ್ಯಗಳನ್ನು ಅತ್ತಿಂದಿತ್ತ ಎರಡು ಬಾರಿ ಸಾಗಿಸಲು ಗುರುವಿಗೆ ಇಡೀ ಬೆಳಗು ಬೇಕು. ಬೆತ್ತವನ್ನು ಹೊಗಳುವವರು ಆ ಬೆಳಗನ್ನು ಉಳಿಸಿಕೊಳ್ಳಲು ಬಯಸುವವರೆಂದೇ ನಮ್ಮ ದೃಢವಾದ ಅಭಿಪ್ರಾಯ.